ಅಲ್ಲಿ ಇಲ್ಲದವರು ಓದಲಿ: ಮನೆಯಲ್ಲೇ ಕಲಿಯುವ ಮಕ್ಕಳಿಗೆ ಬರವಣಿಗೆ ಕಲಿಸುವುದು, ಅಂಕ ಕೊಡುವುದು

ಮಕ್ಕಳಿಗೆ ಮನೆಯಲ್ಲೇ ಪಾಠ ಶುರುಮಾಡಿದ ಮೊದಲ ವರ್ಷ ಗಣಿತಕ್ಕೆ ನಾನು ಹೆದರಲಿಲ್ಲ. ಲೆಕ್ಕ ಸರಿಯೋ ತಪ್ಪೋ ಉತ್ತರ ನೋಡಿದರೆ ತಿಳಿಯುತ್ತದೆ. ಕೈಕಾಲು ಬಿಡುವಂತಾದದ್ದು ಬರವಣಿಗೆಯ ಮುಂದೆ. ಮಗಳು ಒಂದು ಪುಟ ಬರೆದು ತಂದು ಎದುರು ನಿಂತರೆ ಏನು ಹೇಳಬೇಕು, ಎಲ್ಲಿ ತಿದ್ದಬೇಕು, ಹತ್ತಕ್ಕೆ ಎಷ್ಟು ಕೊಡಬೇಕು, ಒಂದೂ ತೋಚುತ್ತಿರಲಿಲ್ಲ. ನಾನು ಓದಿದ ಶಾಲೆಯಲ್ಲಿ ನನ್ನ ಪ್ರಬಂಧಗಳಿಗೆ ಸಿಗುತ್ತಿದ್ದದ್ದು ಪುಟದ ತುಂಬ ಕೆಂಪು ಶಾಯಿ, ಕೊನೆಗೊಂದು ಸಹಿ. ಅದೇ ನನ್ನ ಕೈಗೂ ಬಂತು. ಎರಡು ತಿಂಗಳಲ್ಲಿ ಮಗಳ ಒಂದು ಪುಟ ಆರು ಸಾಲಿಗೆ ಇಳಿಯಿತು. ಕಡಿಮೆ ಬರೆದರೆ ತಪ್ಪೂ ಕಡಿಮೆ ಎಂದು ಮಗು ಲೆಕ್ಕ ಹಾಕಿತ್ತು.

ಈಗ ಮಗಳಿಗೆ 13 ವರ್ಷ, ಮಗನಿಗೆ 9. ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಆರು ವರ್ಷ ಮಾಡಿ, ತಪ್ಪಿ, ಮತ್ತೆ ಮಾಡಿ ನಿಂತ ಕ್ರಮವನ್ನು ಬರೆಯುತ್ತಿದ್ದೇನೆ. ಹೊಸದಾಗಿ ಮನೆಶಾಲೆ ಶುರುಮಾಡಿದವರಿಗೆ ಇದರಿಂದ ನಾನು ಕಳೆದುಕೊಂಡ ಆ ಎರಡು ತಿಂಗಳಾದರೂ ಉಳಿಯಲಿ ಎಂಬುದು ನನ್ನ ಆಸೆ.

ಮೊದಲು ಒಂದು ಮಂಡಕ್ಕಿ ಭಟ್ಟಿಯ ಕತೆ

ಒಮ್ಮೆ ಮಕ್ಕಳನ್ನು ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋಗಿದ್ದೆ. ಮನೆಗೆ ಬಂದು ಮಗಳು ಬರೆದಳು:

“ನಾವು ಭಟ್ಟಿಗೆ ಹೋದೆವು. ಅಲ್ಲಿ ತುಂಬಾ ಸೆಕೆ ಇತ್ತು. ಅವರು ಅದನ್ನು ಹಾಕಿದರು. ತಕ್ಷಣ ಉಬ್ಬಿತು. ಆಮೇಲೆ ಜರಡಿ ಹಿಡಿದರು. ನನಗೆ ತುಂಬಾ ಖುಷಿಯಾಯಿತು.”

ಕಾಗುಣಿತ ತಪ್ಪಿಲ್ಲ, ಪೂರ್ಣವಿರಾಮ ಬಿಟ್ಟಿಲ್ಲ. ಹತ್ತಕ್ಕೆ ಎಂಟು ಕೊಟ್ಟೆ. ಸಂಜೆ ಚಳ್ಳಕೆರೆಯ ಅಜ್ಜಿಗೆ ಫೋನ್ ಮಾಡಿದಾಗ ಅದನ್ನೇ ಓದಿ ಹೇಳಿದಳು. ಅಜ್ಜಿ ಕೇಳಿದರು: “ಯಾರು ಹಾಕಿದ್ರವ್ವಾ? ಏನು ಹಾಕಿದ್ರು? ಎದರೊಳಗೆ ಹಾಕಿದ್ರು? ಜರಡಿ ಯಾಕೆ ಹಿಡೀಬೇಕು?”

ಈ ನಾಲ್ಕು ಪ್ರಶ್ನೆಯಲ್ಲಿ ಒಂದೂ ನನಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ನಾನು ಅವಳ ಪಕ್ಕದಲ್ಲೇ ನಿಂತು ಎಲ್ಲ ನೋಡಿದ್ದೆ. “ಅದನ್ನು” ಎಂದು ಅವಳು ಬರೆದ ಕಡೆ ನನ್ನ ಕಣ್ಣಿಗೆ ಅಕ್ಕಿ ಕಂಡಿತ್ತು, “ಅವರು” ಎಂದ ಕಡೆ ಬೆವರೊರೆಸಿಕೊಳ್ಳುತ್ತಿದ್ದ ಆ ಮನುಷ್ಯನ ಮುಖ ಕಂಡಿತ್ತು. ಪುಟದ ಮೇಲೆ ಅವೆರಡೂ ಇರಲಿಲ್ಲ. ಶಾಲೆಯ ಮೇಷ್ಟ್ರಿಗೆ ಈ ತೊಂದರೆ ಇಲ್ಲ, ಅವರು ಮಗುವಿನ ಜೊತೆ ಭಟ್ಟಿಗೆ ಹೋಗಿರುವುದಿಲ್ಲ. ಮನೆಯಲ್ಲಿ ಕಲಿಸುವ ತಂದೆ ತಾಯಿಗೆ ಮಗುವಿನ ದಿನವೆಲ್ಲ ಗೊತ್ತು. ಹಾಗಾಗಿ ಬರಹದಲ್ಲಿ ಬಿಟ್ಟುಹೋದದ್ದನ್ನು ನಾವು ಓದುತ್ತ ಓದುತ್ತಲೇ ತುಂಬಿಕೊಂಡುಬಿಡುತ್ತೇವೆ. ಮನೆಶಾಲೆಯ ಬರವಣಿಗೆ ಪಾಠದಲ್ಲಿ ನಿಜವಾದ ಕಷ್ಟ ಇದೊಂದೇ ಎಂದು ನಾನು ನಂಬಿದ್ದೇನೆ. ಮುಂದೆ ಹೇಳುವ ಹೆಚ್ಚಿನ ಕ್ರಮಗಳೆಲ್ಲ ಇದಕ್ಕೆ ಕಂಡುಕೊಂಡ ಉಪಾಯಗಳು.

ಅಜ್ಜಿಯ ಪ್ರಶ್ನೆ ಇಟ್ಟುಕೊಂಡು ಮಗಳು ಮತ್ತೆ ಬರೆದಳು:

“ಭಟ್ಟಿಯ ಒಲೆಯ ಮೇಲೆ ದೊಡ್ಡ ಬಾಣಲೆಯಲ್ಲಿ ಮರಳು ಕಾಯುತ್ತಿತ್ತು. ಒಬ್ಬ ಅಣ್ಣ ಉಪ್ಪು ಹಚ್ಚಿದ ಅಕ್ಕಿಯನ್ನು ಆ ಮರಳಿಗೆ ಸುರಿದು ಕೈಯಾಡಿಸಿದರು. ನಾನು ಇಪ್ಪತ್ತು ಎಣಿಸುವುದರೊಳಗೆ ಅಕ್ಕಿಯೆಲ್ಲ ಮಂಡಕ್ಕಿ ಆಯಿತು. ಅದರ ಜೊತೆ ಮರಳೂ ಬರುವುದರಿಂದ ಜರಡಿ ಹಿಡಿಯುತ್ತಾರೆ.”

ಖುಷಿಯಾಯಿತು ಎಂಬ ಮಾತು ತಾನಾಗಿಯೇ ಬಿದ್ದುಹೋಗಿತ್ತು. ಇದನ್ನು ಬರೆಯುವಾಗ ಅವಳು ಮೂರು ಕಡೆ ಕಾಗುಣಿತ ತಪ್ಪಿದ್ದಳು, ಇಲ್ಲಿ ತಿದ್ದಿ ಕೊಟ್ಟಿದ್ದೇನೆ. ನನ್ನ ಹಳೆಯ ಲೆಕ್ಕದಲ್ಲಿ ಇದಕ್ಕೆ ಏಳು ಅಂಕ, ಮೊದಲಿನದಕ್ಕೆ ಎಂಟು. ಲೆಕ್ಕವೇ ಕೆಟ್ಟಿದೆ ಎಂದು ಅವತ್ತು ತಿಳಿಯಿತು.

ವಯಸ್ಸಿಗೆ ತಕ್ಕ ಹಾಗೆ

6ರಿಂದ 8 ವರ್ಷದ ಮಗುವಿಗೆ ಮಾತು ಓಡುತ್ತದೆ, ಕೈ ಓಡುವುದಿಲ್ಲ. ಮಗು ಹೇಳಲಿ, ನೀವು ಬರೆದುಕೊಳ್ಳಿ, ಅದು ಹೇಳಿದ ಹಾಗೆಯೇ. ಅದರಲ್ಲಿ ಎರಡು ವಾಕ್ಯ ಮಗು ನೋಡಿ ಬರೆಯಲಿ. ಮರುದಿನ ಉಕ್ತಲೇಖನಕ್ಕೂ ಅವೇ ವಾಕ್ಯ ಸಾಕು. ತನ್ನದೇ ಮಾತಾದ್ದರಿಂದ ಬೇಗ ನೆನಪಿರುತ್ತದೆ. ಈ ವಯಸ್ಸಿಗೆ ಅಂಕ ಬೇಡ.

9ರಿಂದ 11ಕ್ಕೆ ಒಂದು ಪ್ಯಾರಾ, ಹೆಚ್ಚೆಂದರೆ ಹತ್ತು ವಾಕ್ಯ. 12 ದಾಟಿದ ಮೇಲೆ ಒಂದೂವರೆ ಪುಟ, ಪತ್ರ, ವರದಿ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಚೌಕಟ್ಟನ್ನು 13ಕ್ಕೆ ಮೊದಲು ಕಲಿಸಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಚೌಕಟ್ಟು ಮೊದಲೇ ಸಿಕ್ಕರೆ ಮಗು ನಮ್ಮೂರಿನ ಸಂತೆಯ ಬಗ್ಗೆ ಬರೆಯುವಾಗಲೂ “ಭಾರತವು ಹಳ್ಳಿಗಳ ದೇಶ” ಎಂದು ಶುರುಮಾಡುತ್ತದೆ, ಸಂತೆಗೆ ಬರುವ ಹೊತ್ತಿಗೆ ಪುಟ ಮುಗಿದಿರುತ್ತದೆ.

ನಮ್ಮ ದಾವಣಗೆರೆ, ಪಕ್ಕದ ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಮನೆಮಾತು ಕನ್ನಡವಲ್ಲದ ಮಕ್ಕಳು ಎಷ್ಟೋ ಮಂದಿ. ಲಂಬಾಣಿ, ಉರ್ದು, ಮರಾಠಿ, ಆಂಧ್ರದ ಗಡಿಗೆ ಹತ್ತಿಕೊಂಡ ಮೊಳಕಾಲ್ಮುರು ಕಡೆ ತೆಲುಗು. ಆ ಮಕ್ಕಳು ಮೊದಲು ಮನೆಮಾತಿನಲ್ಲೇ ಪೂರ್ತಿ ಹೇಳಲಿ. ಏನು ಹೇಳಬೇಕು ಎಂಬುದು ಗಟ್ಟಿಯಾದ ಮೇಲೆ ಕನ್ನಡದ ಮಾತು ಹುಡುಕುವುದು ಒಂದೇ ಕೆಲಸ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಮಾಡು ಎಂದರೆ ಮಗು ಬರೆಯಲು ಸುಲಭವಾದದ್ದನ್ನಷ್ಟೇ ಯೋಚಿಸುತ್ತದೆ.

ಆಡುಮಾತಿನ ವಿಷಯಕ್ಕೆ ನಾನು ಇಟ್ಟುಕೊಂಡ ನಿಯಮ ಇದು: ಜನ ಆಡಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಆಡಿದ ಹಾಗೆಯೇ ಬರೆ, ನೀನು ಹೇಳುವುದನ್ನು ಪುಸ್ತಕದ ಕನ್ನಡದಲ್ಲಿ ಬರೆ. “ಬಸ್ಸು ಇನ್ನೂ ಬರೋದು ಐತಿ, ನಿಂದ್ರು” ಎಂದು ಅಜ್ಜ ಹೇಳಿದ್ದರೆ ಅದನ್ನು “ನಿಲ್ಲು” ಎಂದು ತಿದ್ದಬೇಡಿ. ತಿದ್ದಿದರೆ ಪುಟದಿಂದ ಅಜ್ಜನೇ ಹೊರಟುಹೋಗುತ್ತಾರೆ. “ಐತಿ” ತಪ್ಪು, “ಇದೆ” ಸರಿ ಎಂದೂ ಹೇಳಬೇಡಿ. ಎಲ್ಲಿ ಯಾವುದು ಎಂದು ಹೇಳಿಕೊಟ್ಟರೆ ಎಂಟು ವರ್ಷದ ಮಗುವಿಗೂ ತಿಳಿಯುತ್ತದೆ.

ಏನು ಬರೆಸಬೇಕು

ಹತ್ತು ವರ್ಷದ ಮಗುವಿಗೆ “ಪರಿಸರ ಮಾಲಿನ್ಯ” ಎಂಬ ವಿಷಯ ಕೊಟ್ಟರೆ ಎಲ್ಲಿಂದಲೋ ಕೇಳಿದ್ದನ್ನು ಬರೆಯುತ್ತದೆ. ಅದರ ಬದಲು ಕಣ್ಣೆದುರು ಇರುವುದನ್ನು, ಅದೂ ಸಣ್ಣದು ಮಾಡಿ ಕೊಡಿ. ಕುಂದವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಆರಕ್ಕೆ ಯಾರ್ಯಾರು ನಡೆಯುತ್ತಾರೆ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾವಲಿಗೆ ಹಿಟ್ಟು ಬಿದ್ದಾಗಿನಿಂದ ತಟ್ಟೆಗೆ ಬರುವವರೆಗೆ ಏನೇನಾಗುತ್ತದೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿಯ ಮುಂದೆ ನಿಂತ ರೈತರೊಬ್ಬರು ಆಡಿದ ಮೂರು ಮಾತು. ಮನೆಯಲ್ಲೋ ಓಣಿಯಲ್ಲೋ ಹತ್ತಿ ಗಿರಣಿಯಲ್ಲಿ ದುಡಿದ ಹಿರಿಯರಿದ್ದರೆ ಅವರ ಪಾಳಿಯ ಒಂದು ದಿನ. ಗಿರಣಿಗಳಿಂದಲೇ ಹೆಸರಾದ ಊರು ಇದು, ಆ ನೆನಪಿರುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ.

ಚಿತ್ರದುರ್ಗದ ಕೋಟೆಗೆ ಹೋದಾಗ ಕಲಿತದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಓಬವ್ವನ ಕಿಂಡಿ ನೋಡಿ ಬಂದು ಮಗಳು ಬರೆದದ್ದು “ಒನಕೆ ಓಬವ್ವ ಧೈರ್ಯಶಾಲಿ ಮಹಿಳೆ. ಹೈದರಾಲಿಯ ಸೈನಿಕರನ್ನು ಒನಕೆಯಿಂದ ಕೊಂದಳು” ಎಂದು. ಕೋಟೆಗೆ ಹೋಗದವರೂ ಇದನ್ನು ಬರೆಯಬಹುದು. ಆಗ ಪುಟದ ಅಂಚಿನಲ್ಲಿ ಒಂದೊಂದು ವಾಕ್ಯಕ್ಕೂ ಒಂದು ಗುರುತು ಹಾಕಲು ಹೇಳಿದೆ: ಕಂಡದ್ದಕ್ಕೆ “ಕಂ”, ಯಾರಾದರೂ ಹೇಳಿದ್ದಕ್ಕೆ “ಕೇ”, ಪುಸ್ತಕದಲ್ಲಿ ಓದಿದ್ದಕ್ಕೆ “ಓ”. ಪುಟದಲ್ಲಿ “ಕಂ” ಒಂದೂ ಇರಲಿಲ್ಲ. ಅವಳೇ ನೋಡಿ ಸುಮ್ಮನಾದಳು. ಮುಂದಿನ ಸಲ ಹೋದಾಗ ಆ ಕಿಂಡಿಯಲ್ಲಿ ಅವಳ ತಂದೆ ಹೇಗೆ ಮೈ ಓರೆ ಮಾಡಿ ಬಗ್ಗಬೇಕಾಯಿತು, ಒಳಗಿನಿಂದ ಹೊರಗಿನ ಬೆಳಕು ಎಷ್ಟು ಕಾಣುತ್ತದೆ, ಒಬ್ಬರಾದ ಮೇಲೆ ಒಬ್ಬರೇ ಬರಬೇಕಾದ ಜಾಗದಲ್ಲಿ ಒಳಗೆ ನಿಂತವರಿಗೆ ಏನು ಅನುಕೂಲ ಎಂದು ಬರೆದಳು. ಈ ಮೂರು ಗುರುತಿನ ಅಭ್ಯಾಸ ಮುಂದೆ ಇತಿಹಾಸ, ವಿಜ್ಞಾನದ ಬರಹಕ್ಕೂ ಬರುತ್ತದೆ. ತಾನು ಹೇಳುವುದು ತನಗೆ ಎಲ್ಲಿಂದ ಬಂತು ಎಂದು ಮಗು ಕೇಳಿಕೊಳ್ಳತೊಡಗುತ್ತದೆ.

“ಓ” ಗುರುತಿನ ವಾಕ್ಯಗಳಿಗೆ ಇನ್ನೊಂದು ಕೆಲಸ ಇದೆ, ಅಂಕಿಅಂಶ ಸರಿ ನೋಡುವುದು. ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದರ ಬಗ್ಗೆ ವರದಿ ಬರೆಯಲು ಕೊಟ್ಟಿದ್ದೆ. “ನೂರು ವರ್ಷದ ಮೇಲೆ ಕೋಡಿ ಬಿತ್ತು” ಎಂದು ಬರೆದಳು, ಕೇಳಲು ಚೆನ್ನಾಗಿದೆ ಎಂದು. ಅಣೆಕಟ್ಟು ಮುಗಿದದ್ದು 1907ರಲ್ಲಿ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ ಬಿದ್ದದ್ದು 2022ರಲ್ಲಿ. ಕಳೆದರೆ 89. ನೂರು ಎಂಬ ಮಾತನ್ನು ಅವಳೇ ಹೊಡೆದು ಹಾಕಿ, 1933ರಲ್ಲಿ ಹತ್ತು ವರ್ಷದ ಹುಡುಗಿ ಅದನ್ನು ನೋಡಿದ್ದರೆ 2022ಕ್ಕೆ ಅವಳಿಗೆ 99 ಆಗಿರುತ್ತಿತ್ತು ಎಂದು ಸೇರಿಸಿದಳು. ನೂರಕ್ಕಿಂತ ಈ ಲೆಕ್ಕ ಎಷ್ಟೋ ಚೆನ್ನಾಗಿದೆ.

ಚಿಕ್ಕವರಿಗೆ ಎಲ್ಲಕ್ಕಿಂತ ಒಳ್ಳೆಯದು “ಹೇಗೆ ಮಾಡುವುದು” ಬರಹ. ಮಗ ಒಗ್ಗರಣೆ ಮಂಡಕ್ಕಿ ಮಾಡುವ ಕ್ರಮ ಬರೆದ. ಅದರಲ್ಲಿದ್ದಷ್ಟನ್ನೇ, ಇದ್ದ ಹಾಗೆಯೇ ಅವನ ಅಪ್ಪಾಜಿ ಮಾಡಿದರು. “ಮಂಡಕ್ಕಿಯನ್ನು ನೀರಲ್ಲಿ ಹಾಕಿ. ಈರುಳ್ಳಿ ಹೆಚ್ಚಿ. ಒಗ್ಗರಣೆ ಹಾಕಿ” ಎಂದಿತ್ತು. ನೀರಿನಿಂದ ತೆಗೆದು ಹಿಂಡಬೇಕು ಎಂದು ಎಲ್ಲೂ ಇರಲಿಲ್ಲ. ಈರುಳ್ಳಿ ಹೆಚ್ಚಿ ಮುಗಿಯುವ ಹೊತ್ತಿಗೆ ಮಂಡಕ್ಕಿ ಮುದ್ದೆಯಾಗಿತ್ತು. ಮಗ ಏನೂ ಕೇಳದೆ ಪೆನ್ಸಿಲ್ ತಂದು “ಹಾಕಿದ ಕೂಡಲೇ ತೆಗೆದು ಹಿಂಡಿ” ಎಂದು ನಡುವೆ ತೂರಿಸಿದ. ನಾನು ಬಾಯಲ್ಲಿ ಹತ್ತು ಸಲ ಹೇಳಿದ್ದರೂ ಅದು ಹಾಗೆ ನಾಟುತ್ತಿರಲಿಲ್ಲ.

ವಾರದ ಕ್ರಮ

ವಾರಕ್ಕೆ ಒಂದೇ ಬರಹ. ದಿನಾ ಬರೆಸುವುದಕ್ಕಿಂತ ಒಂದನ್ನೇ ಎರಡು ಸಲ ಬರೆಸುವುದು ಲಾಭ.

ಸೋಮವಾರ ಮಾತು ಮಾತ್ರ. ಕಾಗದ ಬೇಡ. ಮಂಗಳವಾರ ಮೊದಲ ಕರಡು, ಒಂದು ಸಾಲು ಬಿಟ್ಟು ಒಂದು ಸಾಲು, ಪೆನ್ಸಿಲ್ಲಿನಲ್ಲಿ. ನಡುವೆ ಕಾಗುಣಿತ ಕೇಳಿದರೆ ಹೇಳಿಬಿಡಿ, “ನೀನೇ ಯೋಚಿಸು” ಎಂದು ತಡೆಯಬೇಡಿ. ಬುಧವಾರ, ಗುರುವಾರ ಯಾರೂ ಮುಟ್ಟಬಾರದು. ಆ ಎರಡು ದಿನದಲ್ಲಿ ಮಗುವಿಗೂ ತಾನು ಏನು ಹೇಳಲು ಹೊರಟಿದ್ದೆ ಎಂಬುದು ಸ್ವಲ್ಪ ಮರೆಯುತ್ತದೆ. ಮರೆತ ಮೇಲೆ ಓದಿದರೆ ಬಿಟ್ಟುಹೋದದ್ದು ತನಗೇ ಕಾಣುತ್ತದೆ.

ಶುಕ್ರವಾರ ಅಲ್ಲಿ ಇಲ್ಲದವರ ಓದು. ಅಜ್ಜಿಯೋ, ದೊಡ್ಡಪ್ಪನೋ, ಎದುರು ಮನೆಯ ಆಂಟಿಯೋ. ನಿಯಮ ಎರಡು. ಮಗು ಬರೆದದ್ದನ್ನಷ್ಟೇ ಓದಬೇಕು, ನಡುನಡುವೆ ಬಾಯಲ್ಲಿ ವಿವರಿಸಬಾರದು. ಕೇಳುವವರು ಪ್ರಶ್ನೆ ಮಾತ್ರ ಕೇಳಬೇಕು, ತಿದ್ದಬಾರದು, “ಚೆನ್ನಾಗಿದೆ ಬಂಗಾರ” ಎಂದು ಮುಗಿಸಲೂಬಾರದು. ಈ ಎರಡನೆಯದನ್ನು ಅಜ್ಜಿಯರಿಗೆ ಒಪ್ಪಿಸುವುದು ಕಷ್ಟ. ನಮ್ಮತ್ತೆಗೆ ನಾನು “ನಿಮಗೆ ತಿಳಿಯದೆ ಇದ್ದದ್ದನ್ನು ಮಾತ್ರ ಕೇಳಿ, ಹೊಗಳಿಕೆ ಭಾನುವಾರಕ್ಕೆ ಇಟ್ಟುಕೊಳ್ಳಿ” ಎಂದು ಕೇಳಿಕೊಂಡೆ. ಪ್ರಶ್ನೆಗಳನ್ನು ಮಗು ಕರಡಿನ ಹಿಂದೆ ಬರೆದುಕೊಳ್ಳುತ್ತದೆ. ಶನಿವಾರ ಎರಡನೇ ಕರಡು.

ಫೋನಿನ ಬಗ್ಗೆಯೂ ಒಂದು ಮಾತು. ಮೊದಲ ಕರಡು ಕೈಬರಹದಲ್ಲೇ ಇರಲಿ. ಫೋನಿನ ಕನ್ನಡ ಕೀಲಿಮಣೆ ಎರಡಕ್ಷರ ಒತ್ತುವುದರೊಳಗೆ ಇಡೀ ಪದ ಕೊಡುತ್ತದೆ, ಒತ್ತಕ್ಷರ ಕೈಗೆ ಕೂರುವುದಿಲ್ಲ. ಇಡೀ ಪ್ರಬಂಧವನ್ನೇ ಬರೆದುಕೊಡುವ ಆ್ಯಪ್‌ಗಳೂ ಈಗ ಎಲ್ಲರ ಕೈಯಲ್ಲಿವೆ. ಅದಕ್ಕೆ ಬೈಗುಳ ಬೇಕಿಲ್ಲ, ಅಂಚಿನ “ಕಂ” ಗುರುತೇ ಸಾಕು: ಯಾವತ್ತು, ಎಲ್ಲಿ ನಿಂತು ಕಂಡೆ ಎಂದು ಕೇಳಿದರೆ ತಾನು ಬರೆಯದ ವಾಕ್ಯ ಮಗುವಿಗೇ ಗಂಟಲಲ್ಲಿ ನಿಲ್ಲುತ್ತದೆ.

ತಿದ್ದುವುದು: ಒಂದು ಸಲಕ್ಕೆ ಎರಡೇ

ಪುಟದಲ್ಲಿ ಇಪ್ಪತ್ತು ತಪ್ಪಿದ್ದರೂ ಎರಡು ಬಗೆಯದನ್ನು ಮಾತ್ರ ಆರಿಸಿ. ಉಳಿದದ್ದು ನಿಮ್ಮ ಪಟ್ಟಿಯಲ್ಲಿರಲಿ. ಯಾವುದು ಮೊದಲು ಎಂಬುದಕ್ಕೆ ನನ್ನ ಅಳತೆ: ಓದುವವರ ದಾರಿ ತಪ್ಪಿಸುವುದು ಮೊದಲು, ಕಣ್ಣಿಗೆ ಚುಚ್ಚುವುದು ಆಮೇಲೆ.

ದಾರಿ ತಪ್ಪಿಸುವುದರಲ್ಲಿ ಮೊದಲನೆಯದು ತೋರುವ ಪದಗಳು. ಅವನು, ಅವರು, ಅದು, ಅಲ್ಲಿ, ಆಗ. ಮಗು ಪೆನ್ಸಿಲ್ ಹಿಡಿದು ಇಂಥ ಪದಕ್ಕೆಲ್ಲ ಸುತ್ತು ಹಾಕಲಿ. ಒಂದೊಂದು ಸುತ್ತಿನಿಂದಲೂ ಹಿಂದಕ್ಕೆ ಗೆರೆ ಎಳೆದು ಅದು ತೋರುವ ಹೆಸರಿಗೆ ಮುಟ್ಟಿಸಲಿ. ಗೆರೆ ಎಲ್ಲಿಗೂ ಮುಟ್ಟದಿದ್ದರೆ ಅಲ್ಲಿ ಹೆಸರು ಬರೆಯಬೇಕು. ಕನ್ನಡದಲ್ಲಿ ಇನ್ನೊಂದಿದೆ. “ಹೋದಳು”, “ಹೋದರು” ಎಂದರೆ ಯಾರು ಎಂಬುದು ಕ್ರಿಯಾಪದದಲ್ಲೇ ಅರ್ಧ ತಿಳಿಯುವುದರಿಂದ ಕರ್ತೃಪದ ಬಿಡುವುದು ನಮಗೆ ಸಹಜ. ಅಕ್ಕ, ಅಮ್ಮ, ಅಜ್ಜಿ ಮೂವರೂ ಇರುವ ಪ್ಯಾರಾದಲ್ಲಿ ಬರೀ “ಹೋದಳು” ಎಂದರೆ ಯಾರು? ಇಬ್ಬರಿಗಿಂತ ಹೆಚ್ಚು ಜನರಿದ್ದ ಕಡೆ ಹೆಸರು ಕಡ್ಡಾಯ ಎಂದು ನಮ್ಮ ಮನೆಯಲ್ಲಿ ನಿಯಮ.

ಎರಡನೆಯದು “ಹೋಗಿ, ನೋಡಿ, ತಿಂದು, ಬಂದು” ಎಂಬ ಸರಪಳಿ. ಕನ್ನಡದ ಸೊಗಸೇ ಅದರಲ್ಲಿದೆ, ಹಾಗಾಗಿ ಒಡೆಯುವ ಮುಂಚೆ ಒಂದು ಪರೀಕ್ಷೆ ಮಾಡಿ: ಸರಪಳಿಯ ಎಲ್ಲ ಕೆಲಸ ಮಾಡಿದವರು ಒಬ್ಬರೇನಾ? “ಅಮ್ಮ ಕರೆದು ನಾನು ಒಳಗೆ ಹೋದೆ” ಎಂಬಲ್ಲಿ ಕರೆದವರು ಒಬ್ಬರು, ಹೋದವರು ಇನ್ನೊಬ್ಬರು. “ಅಮ್ಮ ಕರೆದಾಗ ನಾನು ಒಳಗೆ ಹೋದೆ” ಎಂದಾಗಬೇಕು. “ಮಳೆ ಬಂದು ಕೆರೆ ತುಂಬಿತು” ಎಂಬುದು ಸರಿ, ಏಕೆಂದರೆ ಅಲ್ಲಿ ಮೊದಲಿನದೇ ಎರಡನೆಯದಕ್ಕೆ ಕಾರಣ. ವ್ಯಾಕರಣದ ಹೆಸರು ಹೇಳದೆ ಇಂಥ ಹತ್ತು ಜೋಡಿ ಬಾಯಲ್ಲಿ ಆಡಿಸಿದರೆ ಕಿವಿಗೆ ಹತ್ತುತ್ತದೆ.

ಕಾಗುಣಿತದಲ್ಲೂ ಮೇಲು ಕೆಳಗಿದೆ. ಅರ್ಥ ಬದಲಿಸುವುದು ಮೊದಲು: ಕತೆ–ಕತ್ತೆ, ಬೆಳೆ–ಬೇಳೆ, ಹುಲಿ–ಹುಳಿ, ಬಲೆ–ಬಳೆ. ಒತ್ತು, ದೀರ್ಘ, ಲ–ಳ ಇಷ್ಟು ಗಟ್ಟಿಯಾದರೆ ಓದುವವರು ಎಡವುವುದಿಲ್ಲ. ಮಹಾಪ್ರಾಣ ಕೊನೆಗೆ. ಅದರ ಮೇಲೆ ಒತ್ತಡ ಹೆಚ್ಚಾದರೆ ಮಕ್ಕಳು ಭಯಕ್ಕೆ ಇಲ್ಲದ ಕಡೆಯೂ ಮಹಾಪ್ರಾಣ ಹಾಕುತ್ತಾರೆ, ವಿದ್ಯೆ ಹೋಗಿ “ವಿಧ್ಯೆ” ಆಗುತ್ತದೆ. ಶ, ಷ, ಸ ಕೂಡ ಓದು ಹೆಚ್ಚಿದ ಹಾಗೆ ಸರಿಹೋಗುತ್ತದೆ. ತಪ್ಪಿದ ಪದವನ್ನು ಹತ್ತು ಸಲ ಬರೆಸುವುದನ್ನು ನಾನು ಬಿಟ್ಟೆ. ಆ ಪದವನ್ನು ಮುಂದಿನ ವಾರದ ಉಕ್ತಲೇಖನಕ್ಕೆ ಸೇರಿಸುತ್ತೇನೆ.

ನಿಮ್ಮ ಗುರುತು ತಪ್ಪಿದ ಪದದ ಮೇಲೆ ಬೇಡ, ಆ ಸಾಲಿನ ಅಂಚಿನಲ್ಲಿ ಒಂದು ಚುಕ್ಕೆ ಇರಲಿ. ಸಾಲಿನಲ್ಲಿ ಏನೋ ಇದೆ ಎಂದು ಗೊತ್ತಾದರೆ ಮಗು ತಾನೇ ಹುಡುಕುತ್ತದೆ. ಹುಡುಕಿ ಸಿಗದಿದ್ದರೆ ಮಾತ್ರ ತೋರಿಸಿ.

ಅಂಕ

ಅಂಕವೇ ಬೇಡ ಎನ್ನುವವರಿದ್ದಾರೆ. ನಾನೂ ಒಂದು ವರ್ಷ ಕೊಡಲಿಲ್ಲ. ಆದರೆ ಮಗಳೇ ಕೇಳಿದಳು, ತಾನು ಮುಂದೆ ಹೋಗಿದ್ದೇನಾ ಇಲ್ಲವಾ ತಿಳಿಯುವುದು ಹೇಗೆ ಎಂದು. ಕೇಳುವುದು ನ್ಯಾಯ. ಅದಕ್ಕೆ ಈಗ ತಿಂಗಳಿಗೆ ಒಂದಕ್ಕೆ ಮಾತ್ರ ಅಂಕ. ನಾಲ್ಕು ಬರಹದಲ್ಲಿ ಯಾವುದಕ್ಕೆ ಎಂದು ಆರಿಸುವುದು ಅವಳು. ಆರಿಸಿದ್ದನ್ನು ಇನ್ನೊಮ್ಮೆ ತಿದ್ದಿ ಬರೆಯಲು ಎರಡು ದಿನ ಕೊಡುತ್ತೇನೆ. ಮೊದಲ ಕರಡಿಗೆ ಯಾವತ್ತೂ ಅಂಕವಿಲ್ಲ. ಡೈರಿ, ಕವನ, ಗೆಳತಿಗೆ ಬರೆದ ಪತ್ರಕ್ಕೂ ಇಲ್ಲ.

ಒಟ್ಟು 25. ವಿಷಯಕ್ಕೆ 10, ಜೋಡಣೆಗೆ 5, ವಾಕ್ಯಕ್ಕೆ 5, ಕಾಗುಣಿತ ಮತ್ತು ಚಿಹ್ನೆಗೆ 5. ಕಾಗುಣಿತ ಪೂರ್ತಿ ಕೆಟ್ಟರೂ ಐದಕ್ಕಿಂತ ಹೆಚ್ಚು ಹೋಗದ ಹಾಗೆ ಬೇಕೆಂದೇ ಮಾಡಿದ್ದು. ಮಂಡಕ್ಕಿ ಭಟ್ಟಿಯ ಅನ್ಯಾಯ ಮತ್ತೆ ಆಗಬಾರದು.

ವಿಷಯದ ಹತ್ತು ಅಂಕ ಶುಕ್ರವಾರದ ಪ್ರಶ್ನೆಗಳ ಮೇಲೆ ನಿಂತಿದೆ. ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಬರಹದೊಳಗೆ ಬಂದು, ಹೊಸಬರು ಓದಿದರೂ ಕೇಳಲು ಏನೂ ಉಳಿಯದಿದ್ದರೆ 10. ಹೊಸಬರು ಒಂದೋ ಎರಡೋ ಕೇಳಿದರೆ 8. ಅರ್ಧದಷ್ಟು ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿದ್ದರೆ 6. ಮೊದಲ ಕರಡನ್ನೇ ಅಂದವಾಗಿ ನಕಲು ಮಾಡಿದ್ದರೆ 4. ಪ್ರಶ್ನೆ ಎಷ್ಟು ಬಂದವು ಎಂಬುದಕ್ಕೆ ಅಂಕ ಕಳೆಯಬೇಡಿ. ಕಳೆದರೆ ಮಗು ಪ್ರಶ್ನೆ ಕೇಳದ ಓದುಗರನ್ನೇ ಹುಡುಕುತ್ತದೆ.

ಜೋಡಣೆಯಲ್ಲಿ ನೋಡುವುದು ಒಂದೇ: ಒಂದು ಪ್ಯಾರಾ ಎತ್ತಿ ಇನ್ನೊಂದು ಕಡೆ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆಯೇ? ಗೊತ್ತಾಗದಿದ್ದರೆ ಜೋಡಣೆಯೇ ಆಗಿಲ್ಲ. ವಾಕ್ಯಕ್ಕೆ ಗಟ್ಟಿಯಾಗಿ ಓದಿ ನೋಡುತ್ತೇನೆ, ನಾಲಿಗೆ ಎಡವಿದ ಕಡೆ ಲೆಕ್ಕ ಇಡುತ್ತೇನೆ. ಕಾಗುಣಿತಕ್ಕೆ ನೂರು ಪದಕ್ಕೆ ಎಷ್ಟು ತಪ್ಪು ಎಂದು ಎಣಿಸುತ್ತೇನೆ, ಒಂದೇ ಪದ ಐದು ಸಲ ತಪ್ಪಿದ್ದರೂ ಒಂದೇ. ಎರಡರವರೆಗೆ 5 ಅಂಕ, ಮೂರು ನಾಲ್ಕಕ್ಕೆ 4, ಐದು ಆರಕ್ಕೆ 3, ಒಂಬತ್ತರವರೆಗೆ 2, ಅದರಾಚೆ 1. ಈ ಮಟ್ಟ 13 ವರ್ಷದವರಿಗೆ. ಚಿಕ್ಕವರಿಗೆ ಸಡಿಲ ಮಾಡಿಕೊಳ್ಳಿ.

ವಾಣಿವಿಲಾಸ ಸಾಗರದ ವರದಿಯನ್ನೇ ತೆಗೆದುಕೊಂಡರೆ: 180 ಪದ, 9 ತಪ್ಪು, ಅಂದರೆ ನೂರಕ್ಕೆ 5, ಕಾಗುಣಿತಕ್ಕೆ 3. ವಿಷಯಕ್ಕೆ 8, ಜೋಡಣೆಗೆ 4, ಉದ್ದದ ಎರಡು ವಾಕ್ಯ ಅರ್ಧದಲ್ಲಿ ದಾರಿ ತಪ್ಪಿದ್ದರಿಂದ ವಾಕ್ಯಕ್ಕೆ 3. ಒಟ್ಟು 18. ಕೆಳಗೆ ಎರಡು ವಾಕ್ಯ ಬರೆದೆ: “ಹತ್ತು ವರ್ಷದ ಹುಡುಗಿಯ ಲೆಕ್ಕ ಓದಿದಾಗ 89 ವರ್ಷ ಅಂದರೆ ಎಷ್ಟು ಅಂತ ನನಗೆ ಮೊದಲ ಸಲ ಗೊತ್ತಾಯಿತು. ಮುಂದಿನ ಬರಹದಲ್ಲಿ ಒಂದು ವಾಕ್ಯಕ್ಕೆ ಒಂದೇ ಸಂಗತಿ ಇಟ್ಟು ನೋಡು.” ಅಂಕದ ಕೆಳಗೆ ಬರೀ “ಗುಡ್”, “ಪರವಾಗಿಲ್ಲ” ಎಂದು ಬರೆದರೆ ಮಗುವಿಗೆ ಏನೂ ಸಿಗುವುದಿಲ್ಲ. ಯಾವ ಸಾಲು, ಯಾಕೆ ಎಂದು ಹೇಳಬೇಕು.

ಈ ಅಂಕದ ಪಟ್ಟಿ ಬರೆಯುವ ಮೊದಲೇ ಮಗುವಿನ ಕೈಯಲ್ಲಿರಲಿ. ಮೊದಲು ಮಗು ತನಗೆ ತಾನೇ ಅಂಕ ಹಾಕಿಕೊಳ್ಳಲಿ, ಆಮೇಲೆ ನೀವು. ಇಬ್ಬರ ಅಂಕದಲ್ಲಿ ದೊಡ್ಡ ಅಂತರ ಬಂದ ಕಡೆಯೇ ಮುಂದಿನ ಪಾಠ.

ಬರಹ ಬದಲಿಸಿಕೊಳ್ಳುವುದು

ಅಜ್ಜಿಯೂ ಕೊನೆಗೆ ಮನೆಯವರೇ. ವರ್ಷ ಕಳೆದ ಹಾಗೆ ಅವರಿಗೂ ಮೊಮ್ಮಗಳ ಮಾತಿನ ದಾಟಿ ಅಭ್ಯಾಸವಾಗುತ್ತದೆ. ಅದಕ್ಕೆ ಮೂರು ತಿಂಗಳಿಗೊಮ್ಮೆ ಮನೆಯಲ್ಲೇ ಕಲಿಸುವ ಇನ್ನೆರಡು ಮನೆಯವರ ಜೊತೆ, ಒಂದು ಹರಿಹರದಲ್ಲಿ, ಒಂದು ಚಿತ್ರದುರ್ಗದಲ್ಲಿ, ಬರಹ ಬದಲಿಸಿಕೊಳ್ಳುತ್ತೇವೆ. ಹೆಸರು ಮುಚ್ಚಿ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಆಯಿತು. ಅದೇ 25ರ ಪಟ್ಟಿ. ನನ್ನ ಅಂಕಕ್ಕೂ ಅವರ ಅಂಕಕ್ಕೂ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಫೋನಿನಲ್ಲಿ ಕೂತು ಸಾಲು ಸಾಲಾಗಿ ಓದುತ್ತೇವೆ. ಶುರುವಿನಲ್ಲಿ ನಾವೆಲ್ಲ ನಮ್ಮ ಮಕ್ಕಳಿಗೆ ಕಾಗುಣಿತದಲ್ಲಿ ಬಿಗಿ, ವಿಷಯದಲ್ಲಿ ಸಡಿಲ ಇದ್ದೆವು. ಬೇರೆಯವರ ಮಕ್ಕಳಿಗೆ ಸರಿಯಾಗಿ ತಿರುಗುಮುರುಗು.

ಮಗುವಿಗೆ ಇನ್ನೂ ದೂರದ ಓದುಗರು ಬೇಕು ಅನ್ನಿಸಿದರೆ ದಿನಪತ್ರಿಕೆಗೆ ಪತ್ರ ಬರೆಸಿ. ದಾವಣಗೆರೆಯಿಂದಲೇ ಹೊರಡುವ ಜನತಾವಾಣಿಯಂಥ ಪತ್ರಿಕೆ ಇರುವಾಗ ಬೆಂಗಳೂರಿಗೇ ಕಳಿಸಬೇಕೆಂದಿಲ್ಲ. ಓಣಿಯ ಚರಂಡಿ, ಬಸ್ಸಿನ ಸಮಯ, ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕ, ಇಂಥ ಒಂದೇ ಸಂಗತಿ, ನೂರು ಪದದೊಳಗೆ. ಅಚ್ಚಾಗಲಿ ಬಿಡಲಿ, ತನ್ನನ್ನು ಕಂಡೇ ಇಲ್ಲದವರಿಗಾಗಿ ಬರೆಯುವಾಗ ಮಗು ಕೂರುವ ರೀತಿಯೇ ಬೇರೆ.

ಎಲ್ಲ ಕರಡುಗಳನ್ನೂ ದಿನಾಂಕ ಹಾಕಿ ಒಂದು ಫೈಲಿನಲ್ಲಿ ಇಡಿ, ಅಜ್ಜಿಯ ಪ್ರಶ್ನೆ ಬರೆದ ಹಿಂಬದಿಯ ಸಮೇತ.

13 ದಾಟಿದ ಮೇಲೆ, ಪರೀಕ್ಷೆಗೆ

ನಾವು ಶಾಲೆಗೆ ಹೋಗದವರೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆಯ, ಅಂದರೆ ಎನ್‌ಐಒಎಸ್‌ನ ಹತ್ತನೇ ತರಗತಿಗೆ ಸಿದ್ಧವಾಗುತ್ತಿದ್ದೇವೆ. 14 ವರ್ಷ ತುಂಬಿರಬೇಕು, ಕನಿಷ್ಠ ಐದು ವಿಷಯ ತೆಗೆದುಕೊಳ್ಳಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಕನ್ನಡವನ್ನೂ ಭಾಷೆಯಾಗಿ ತೆಗೆದುಕೊಳ್ಳಬಹುದು. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಸಲ ಇರುವುದರಿಂದ ಒಂದೇ ಸಲಕ್ಕೆ ಎಲ್ಲ ವಿಷಯ ಮುಗಿಸುವ ಆತುರ ಬೇಡ. ನೋಂದಣಿಯ ವಿವರ, ಶುಲ್ಕವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಈ ಹಂತದಲ್ಲಿ ಪೀಠಿಕೆ, ಉಪಸಂಹಾರದ ಚೌಕಟ್ಟು ಕಲಿಸಿ. ಪತ್ರದ ನಮೂನೆ, ಗಾದೆಯ ವಿಸ್ತರಣೆ, ಸಂಕ್ಷೇಪಿಸಿ ಬರೆಯುವುದು ಇವಕ್ಕೆ ತಲಾ ಎರಡು ವಾರ ಸಾಕು. ಬರೆಯುವ ಕೈ ಆಗಲೇ ಪಳಗಿರುತ್ತದೆ. ಹದಿನೈದು ದಿನಕ್ಕೊಮ್ಮೆ ಗಡಿಯಾರ ಇಟ್ಟು ಬರೆಸಿ: ಐದು ನಿಮಿಷ ಯೋಚನೆ, ಇಪ್ಪತ್ತೈದು ನಿಮಿಷ ಬರಹ, ಐದು ನಿಮಿಷ ಮರು ಓದು. ಎರಡನೇ ಕರಡಿಗೆ ಅವಕಾಶವಿಲ್ಲದ ಬರಹ ಇದೊಂದೇ, ಆದ್ದರಿಂದ ಆ ಕೊನೆಯ ಐದು ನಿಮಿಷವನ್ನು ಬೇರೆ ಏನಕ್ಕೂ ಬಳಸದಂತೆ ರೂಢಿ ಮಾಡಿಸಿ. ಉತ್ತರ ಪತ್ರಿಕೆಯಲ್ಲಿ ಸುತ್ತು ಹಾಕುವಂತಿಲ್ಲ. ಮಗಳು ಪೆನ್ನಿನ ಮುಚ್ಚಳದ ತುದಿಯನ್ನು ಸಾಲಿನ ಮೇಲೆ ಸರಿಸುತ್ತ ಹೋಗಿ “ಅವರು”, “ಅದು”, “ಅಲ್ಲಿ” ಬಂದ ಕಡೆ ನಿಲ್ಲುತ್ತಾಳೆ, ಹಿಂದಿನ ಸಾಲಿಗೆ ಕಣ್ಣು ಹಾಯಿಸುತ್ತಾಳೆ, ಹೆಸರು ಇಲ್ಲದಿದ್ದರೆ ಮೇಲೆ ಸಣ್ಣಗೆ ಬರೆದು ಸೇರಿಸುತ್ತಾಳೆ.